ಕಿವಿಯಾಗುವ ಕುನ್ನಿ

ಆಲ್ದೂರಿನ ಮಳೆಗಾಲದಲ್ಲಿ ಕಿವಿ ಸರಿಯಿದ್ದವರಿಗೂ ಅರ್ಧ ಕೇಳುವುದಿಲ್ಲ. ಜೂನ್‌ನಲ್ಲಿ ಹಿಡಿದ ಮಳೆ ತಗಡಿನ ಮಾಡಿನ ಮೇಲೆ ಒಂದೇ ಸಮನೆ ಸುರಿಯುವಾಗ ಅಡುಗೆಮನೆಯ ಕುಕ್ಕರ್ ಎಷ್ಟು ಸೀಟಿ ಹೊಡೆಯಿತೆಂದು ಜಗುಲಿಯಲ್ಲಿ ಕೂತವರಿಗೆ ತಿಳಿಯದು. ಗೇಟಿನಲ್ಲಿ ನಿಂತು ಕೂಗಿದವರ ದನಿ ಅಂಗಳ ದಾಟಿ ಬರುವುದಿಲ್ಲ. ಆಗ ಮನೆಯವರು ನೋಡುವುದು ನಾಯಿಯ ಕಡೆಗೆ. ಒಲೆಯ ಬದಿ ಮುದುಡಿಕೊಂಡಿದ್ದದ್ದು ತಲೆಯೆತ್ತಿ, ಕಿವಿ ನಿಮಿರಿಸಿ, ಬಾಗಿಲ ಕಡೆ ಹೊರಟಿತೆಂದರೆ ಯಾರೋ ಬಂದರೆಂದೇ ಲೆಕ್ಕ. ಕಾಫಿ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಮಳೆ ಹೊಳವಾದ ಮೇಲೂ ಸದ್ದು ಕೇಳದವರು ಈ ಊರುಗಳಲ್ಲಿದ್ದಾರೆ. ಹುಟ್ಟಿನಿಂದಲೇ ಕೇಳದವರು, ಚಿಕ್ಕಂದಿನಲ್ಲಿ ಜ್ವರ ಬಂದು ಹೋದ ಮೇಲೆ ಕೇಳದಾದವರು, ಯಂತ್ರಗಳ ಗದ್ದಲದಲ್ಲೇ ದುಡಿದು ಕಿವಿ ಮಂದವಾದವರು, ವಯಸ್ಸಿನ ಭಾರಕ್ಕೆ ಕೇಳದಾದವರು. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಅಂಗವಿಕಲರ ಸಂಖ್ಯೆ 13.24 ಲಕ್ಷ. ದೇಶದಲ್ಲಿ ಶ್ರವಣದೋಷ ಉಳ್ಳವರೇ 50 ಲಕ್ಷಕ್ಕೂ ಹೆಚ್ಚು. ಇವರಿಗೆಲ್ಲ ಮನೆಯ ನಾಯಿ ಕಿವಿಯಾಗಬಲ್ಲದು. ಬ್ರಿಟನ್, ಅಮೆರಿಕ, ಜಪಾನ್‌ಗಳಲ್ಲಿ ಕಳೆದ ನಾಲ್ಕೈದು ದಶಕಗಳಿಂದ ತರಬೇತಿ ಪಡೆದ ನಾಯಿಗಳು ಈ ಕೆಲಸ ಮಾಡುತ್ತಿವೆ. ಅವುಗಳಲ್ಲಿ ಎಷ್ಟೋ ನಾಯಿಗಳು ಮಡಿಲಲ್ಲಿ ಹಿಡಿಸುವಷ್ಟೇ ಗಾತ್ರದವು.

ಸೇವಾ ನಾಯಿ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಲ್ಯಾಬ್ರಡಾರ್ ಅಥವಾ ಜರ್ಮನ್ ಶೆಫರ್ಡ್. ಸಿನಿಮಾ ಮತ್ತು ಪೊಲೀಸ್ ಶ್ವಾನದಳ ಸೇರಿ ಆ ಚಿತ್ರವನ್ನು ನಮ್ಮ ತಲೆಯಲ್ಲಿ ಕೂರಿಸಿಬಿಟ್ಟಿವೆ. ಸಣ್ಣ ನಾಯಿ ಎಂದರೆ ಮುದ್ದಿಗೆ, ಸೋಫಾಕ್ಕೆ, ಫೋಟೊಕ್ಕೆ ಎಂಬ ಭಾವನೆ ಬೇರೂರಿದೆ. ಈ ಭಾವನೆ ತಪ್ಪು. ಅದರಿಂದ ನಷ್ಟವಾಗುತ್ತಿರುವುದು ಅಂಗವಿಕಲರಿಗೆ.

ಮುಟ್ಟಿ ಹೇಳುವ ಕೆಲಸ

ಕಿವಿ ಕೇಳದವರ ನಾಯಿ ಬೊಗಳಿ ಪ್ರಯೋಜನವಿಲ್ಲ. ಆದ್ದರಿಂದ ಅದಕ್ಕೆ ಮೊದಲು ಕಲಿಸುವುದೇ ಮುಟ್ಟಿ ಎಚ್ಚರಿಸುವುದನ್ನು. ಬ್ರಿಟನ್ನಿನ ‘ಹಿಯರಿಂಗ್ ಡಾಗ್ಸ್ ಫಾರ್ ಡೆಫ್ ಪೀಪಲ್’ ಸಂಸ್ಥೆ 1982ರಿಂದ ಈ ತರಬೇತಿ ನಡೆಸುತ್ತಿದೆ. ಕ್ರಮ ಹೀಗೆ: ಕರೆಗಂಟೆ ಆದಾಗ, ಒಲೆಯ ಟೈಮರ್ ಸದ್ದು ಮಾಡಿದಾಗ, ಅಲಾರಾಂ ಹೊಡೆದಾಗ ನಾಯಿ ಯಜಮಾನರ ಬಳಿ ಬಂದು ಮುಂಗಾಲಿನಿಂದಲೋ ಮೂತಿಯಿಂದಲೋ ಕಾಲನ್ನು ತಟ್ಟುತ್ತದೆ. ‘ಏನು?’ ಎಂದು ಅವರು ಕೈಸನ್ನೆ ಮಾಡುತ್ತಾರೆ. ನಾಯಿ ಮುಂದೆ ನಡೆದು ಸದ್ದು ಬಂದ ಜಾಗಕ್ಕೆ ಕರೆದೊಯ್ಯುತ್ತದೆ. ಬೆಂಕಿಯ ಸೈರನ್ ಆಗಿದ್ದರೆ ಮಾತ್ರ ಕರೆದೊಯ್ಯಬಾರದು, ಅಪಾಯದ ಕಡೆಗೇ ಕರೆದಂತಾಗುತ್ತದೆ. ಆಗ ನಾಯಿ ತಟ್ಟಿ, ನೆಲಕ್ಕೆ ಮಲಗಿಬಿಡುತ್ತದೆ. ಮಲಗಿದ ನಾಯಿಯನ್ನು ಕಂಡವರು ಹೊರಗೆ ನಡೆಯಬೇಕು. ಈ ಒಂದು ವ್ಯತ್ಯಾಸವನ್ನು ಕಲಿಸುವುದಕ್ಕೇ ತಿಂಗಳುಗಟ್ಟಲೆ ಬೇಕು.

ಈ ಕೆಲಸಕ್ಕೆ ಬೇಕಾದದ್ದು ತೂಕವಲ್ಲ. ಸದ್ದಿನ ಬಗ್ಗೆ ಕುತೂಹಲ, ಜನರ ಮೇಲೆ ಪ್ರೀತಿ, ಮಲಗಿದ್ದಲ್ಲಿಂದ ತಟ್ಟನೆ ಏಳುವ ಚುರುಕು, ಇಷ್ಟಿದ್ದರೆ ಸಾಕು. ಮನುಷ್ಯರ ಕಿವಿ 20,000 ಹರ್ಟ್ಜ್‌ವರೆಗಿನ ಸದ್ದನ್ನು ಹಿಡಿದರೆ ನಾಯಿಯ ಕಿವಿ ಸುಮಾರು 45,000 ಹರ್ಟ್ಜ್‌ವರೆಗೆ ಹಿಡಿಯುತ್ತದೆ. ನಾಯಿ ಐದು ಕಿಲೊ ಇರಲಿ, ಮೂವತ್ತು ಕಿಲೊ ಇರಲಿ, ಈ ಶಕ್ತಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಬ್ರಿಟನ್ನಿನ ಈ ಸಂಸ್ಥೆಯಲ್ಲಿ ಲ್ಯಾಬ್ರಡಾರ್ ಜೊತೆಗೆ ಕಾಕರ್ ಸ್ಪೇನಿಯಲ್, ಗಿಡ್ಡ ಪೂಡಲ್‌ಗಳೂ ದುಡಿಯುತ್ತವೆ. ತೇಜಸ್ವಿಯವರ ‘ಪರಿಸರದ ಕತೆ’, ‘ಕರ್ವಾಲೊ’ ಓದಿದವರಿಗೆ ಸ್ಪೇನಿಯಲ್ ಹೊಸದಲ್ಲ. ಮೂಡಿಗೆರೆಯ ತೋಟದಲ್ಲಿ ಅವರ ಜೊತೆ ಅಲೆಯುತ್ತಿದ್ದ ‘ಕಿವಿ’ ಅದೇ ಜಾತಿಯದು.

ಜಪಾನಿನ ನಾಗಾನೊ ಪ್ರಾಂತ್ಯದ ಸಂಸ್ಥೆಯೊಂದು ಯಾರಿಗೂ ಬೇಡವಾಗಿ ಆಶ್ರಯಧಾಮ ಸೇರಿದ ನಾಯಿಗಳನ್ನು ಆರಿಸಿ ಈ ಕೆಲಸಕ್ಕೆ ಪಳಗಿಸುತ್ತದೆ. ಅವುಗಳಲ್ಲಿ ಬಹಳಷ್ಟು ಸಣ್ಣ ಗಾತ್ರದ ಮಿಶ್ರ ತಳಿಯವು. ಜಾತಿನಾಯಿಯೇ ಆಗಬೇಕೆಂಬ ನಿಯಮವೂ ಇಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಕಂತ್ರಿ ಎಂದು ನಾವು ತಳ್ಳಿಹಾಕುವ ನಾಯಿಯಲ್ಲೂ ಈ ಗುಣ ಇರುತ್ತದೆ, ಹುಡುಕುವವರು ಬೇಕು.

ನಾನು ಬಲ್ಲ ಒಂದು ಮನೆ ಆಲ್ದೂರು ಪೇಟೆಯಿಂದ ಒಳಗೆ, ತೋಟದ ಅಂಚಿನಲ್ಲಿದೆ. ಅಲ್ಲಿನ ಅಮ್ಮನಿಗೆ ಎರಡೂ ಕಿವಿ ಮಂದ. ಶ್ರವಣಯಂತ್ರ ಇದೆ, ಆದರೆ ಮಳೆಗಾಲದ ತೇವಕ್ಕೆ ಅದು ಪದೇಪದೇ ಕೈಕೊಡುತ್ತದೆ. ಸಿಲಿಕಾ ಜೆಲ್ ಡಬ್ಬಿಯಲ್ಲಿ ಒಣಗಲು ಇಟ್ಟಷ್ಟು ಹೊತ್ತು ಅವರ ಪಾಲಿಗೆ ಮನೆ ನಿಶ್ಶಬ್ದ. ಅವರ ಬಳಿ ಒಂದು ಬಿಳಿ ನಾಯಿ, ಪಾಮೇರಿಯನ್ ಎಂದು ತಂದದ್ದು. ಅದಕ್ಕೆ ಯಾರೂ ಏನನ್ನೂ ಕಲಿಸಿಲ್ಲ. ಗೇಟಿನ ಸರಪಳಿ ಅಲುಗಿದರೆ ಓಡಿಹೋಗಿ ಅಮ್ಮನ ಸೀರೆಯ ನೆರಿಗೆಗೆ ಮುಂಗಾಲು ಹಾಕಿ ಎಳೆಯುತ್ತದೆ. ನಾನು ಕೊಡೆ ಮಡಚುವುದರೊಳಗೆ ಅಮ್ಮ ಬಾಗಿಲಲ್ಲಿರುತ್ತಾರೆ. ‘ಬಾ ಮಾರಾಯ, ಒದ್ದೆಯಾಗ್ಬೇಡ. ಇವಳು ಆಗ್ಲೇ ಹೇಳಿದ್ಲು’ ಎನ್ನುತ್ತಾರೆ. ಕುಕ್ಕರ್ ಸೀಟಿಗೂ ಹಾಗೇ ಮಾಡುತ್ತದೆಯೇ ಎಂದು ಬರೆದು ತೋರಿಸಿದೆ. ‘ಇಲ್ಲ, ಅದಕ್ಕೆ ಇವಳಿಗೇನು ಲಾಭ? ಗೇಟಿಗೆ ಬಂದವರು ಬಿಸ್ಕೀಟು ಹಾಕ್ತಾರೆ’ ಎಂದರು.

ತರಬೇತಿಯ ಗುಟ್ಟು ಆ ಮಾತಿನಲ್ಲಿದೆ. ಬಿಸ್ಕೀಟು ಸಿಗುವ ಸದ್ದನ್ನು ನಾಯಿ ತಾನಾಗಿ ಕಲಿತಿದೆ. ಕುಕ್ಕರ್ ಸೀಟಿಗೂ, ಬಾಗಿಲ ಬಡಿತಕ್ಕೂ, ಮಗು ಅಳುವುದಕ್ಕೂ ಯಾರಾದರೂ ಕೂತು ಹಾಗೇ ಬಹುಮಾನ ಕೊಡುತ್ತಾ ಹೋದರೆ ಅವನ್ನೂ ಕಲಿಯುತ್ತದೆ. ಇಬ್ಬರು ಬೇಕು. ಒಬ್ಬರು ಸದ್ದು ಮಾಡಬೇಕು, ಇನ್ನೊಬ್ಬರು ತಿನಿಸು ಹಿಡಿದು ಕೂತಿರಬೇಕು. ನಾಯಿ ಬಂದು ಮುಟ್ಟಿದ ಆ ಕ್ಷಣವೇ ತಿನಿಸು ಸಿಗಬೇಕು, ತಡವಾದರೆ ಯಾಕೆ ಸಿಕ್ಕಿತೆಂದು ಅದಕ್ಕೆ ತಿಳಿಯದು. ದಿನಕ್ಕೆ ಹತ್ತು ನಿಮಿಷ ಸಾಕು, ಬಯ್ಯಬಾರದು, ಒಂದು ಸದ್ದು ಗಟ್ಟಿಯಾದ ಮೇಲೆ ಇನ್ನೊಂದಕ್ಕೆ ಹೋಗಬೇಕು.

ಮಿಣುಕುವ ಕರೆಗಂಟೆ, ಕೈಯಲ್ಲಿ ಕಂಪಿಸುವ ಗಡಿಯಾರ ಇರುವಾಗ ನಾಯಿ ಯಾಕೆ ಎಂದು ಕೇಳಬಹುದು. ಸರಿಯಾದ ಪ್ರಶ್ನೆ. ಅವು ಅಗ್ಗ, ಮೊದಲು ಕೊಳ್ಳಬೇಕಾದದ್ದು ಅವನ್ನೇ. ಆದರೆ ಆಷಾಢದ ಗಾಳಿಗೆ ಮರ ಬಿದ್ದು ಲೈನು ಹೋದರೆ ಮಲೆನಾಡಿನ ಹಳ್ಳಿಗಳಲ್ಲಿ ದಿನಗಟ್ಟಲೆ ಕರೆಂಟಿಲ್ಲ, ಮೊಬೈಲ್ ಟವರ್ ಕೂಡ ಸತ್ತಿರುತ್ತದೆ. ಅಂಥ ರಾತ್ರಿಗೆ ನಾಯಿಯೇ ಆಗಬೇಕು.

ವಿಯೆನ್ನಾದ ಸ್ಪಿಟ್ಜ್, ಯುದ್ಧದ ಟೆರಿಯರ್

ಸಣ್ಣ ನಾಯಿಯ ಸೇವೆ ಇತ್ತೀಚಿನ ಶೋಕಿ ಎಂದುಕೊಳ್ಳುವವರು ಇತಿಹಾಸ ನೋಡಬೇಕು. ಅಂಧರಿಗೆ ದಾರಿ ತೋರುವ ನಾಯಿಗಳ ಮೊದಲ ಶಾಲೆ ಶುರುವಾದದ್ದು 1916ರಲ್ಲಿ, ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ, ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ. ಅದಕ್ಕೂ ಬಹಳ ಹಿಂದೆ, 1788ರ ಹೊತ್ತಿಗೆ, ವಿಯೆನ್ನಾದಲ್ಲಿ ಯೋಸೆಫ್ ರೀಸಿಂಗರ್ ಎಂಬ ಜರಡಿ ಮಾಡುವ ಕುಶಲಕರ್ಮಿಯಿದ್ದ. ಕಣ್ಣಿಲ್ಲದ ಆತ ತಾನೇ ಒಂದು ಸ್ಪಿಟ್ಜ್ ನಾಯಿಯನ್ನು ಪಳಗಿಸಿಕೊಂಡಿದ್ದ. ಆತ ನಡೆಯುವ ಪರಿ ಕಂಡ ಜನ ಇವನಿಗೆ ಕಣ್ಣು ಕಾಣುತ್ತದೆಂದೇ ಸಂಶಯಪಡುತ್ತಿದ್ದರಂತೆ.

ಸ್ಪಿಟ್ಜ್ ನಮಗೆ ಬಹಳ ಹತ್ತಿರದ ನಾಯಿ. ನಮ್ಮೂರುಗಳಲ್ಲಿ ಪಾಮೇರಿಯನ್ ಎಂದು ಕರೆಯುವ ಬಿಳಿ ಜೂಲಿನ ನಾಯಿಗಳಲ್ಲಿ ಹೆಚ್ಚಿನವು ನಿಜವಾಗಿ ಇಂಡಿಯನ್ ಸ್ಪಿಟ್ಜ್. ಬ್ರಿಟಿಷರ ಕಾಲದಲ್ಲಿ ಇಲ್ಲಿನ ಸೆಕೆಗೆ ಹೊಂದುವಂತೆ ಬೆಳೆದುಬಂದ ತಳಿ ಇದು. 1994ರ ‘ಹಮ್ ಆಪ್ಕೆ ಹೈ ಕೌನ್’ ಚಿತ್ರದ ಟಫಿ ಕೂಡ ಇದೇ ಜಾತಿ. ಅನ್ನ, ಮೊಸರು ತಿಂದು ಬದುಕಿಕೊಳ್ಳುವ, ಸಣ್ಣ ಸದ್ದಿಗೂ ಎದ್ದು ನಿಲ್ಲುವ ಈ ನಾಯಿಯ ಚುರುಕನ್ನು ನಾವು ಬೊಗಳುವ ಚಾಳಿ ಎಂದು ಬಯ್ಯುತ್ತೇವೆ. ಪಳಗಿಸಿದರೆ ಅದೇ ಚುರುಕು ಕೆಲಸಕ್ಕೆ ಬರುತ್ತದೆ.

ಇನ್ನೊಂದು ಹೆಸರು ಸ್ಮೋಕಿ. ಎರಡನೇ ಮಹಾಯುದ್ಧದಲ್ಲಿ, 1944ರ ಫೆಬ್ರುವರಿಯಲ್ಲಿ, ನ್ಯೂಗಿನಿಯ ಕಾಡಿನ ಗುಂಡಿಯೊಂದರಲ್ಲಿ ಸಿಕ್ಕ ಯಾರ್ಕ್‌ಶೈರ್ ಟೆರಿಯರ್. ತೂಕ ಎರಡು ಕಿಲೊಕ್ಕಿಂತ ಕಡಿಮೆ. ವಿಲಿಯಂ ವಿನ್ ಎಂಬ ಅಮೆರಿಕದ ಸೈನಿಕ ಸಾಕಿದ. ಫಿಲಿಪ್ಪೀನ್ಸ್‌ನ ಲಿಂಗಾಯೆನ್ ವಿಮಾನ ನಿಲ್ದಾಣದಲ್ಲಿ ದೂರವಾಣಿ ತಂತಿಯನ್ನು ರನ್‌ವೇ ಅಡಿಯ ಕಿರಿದಾದ ಕೊಳವೆಯೊಳಗೆ ದಾಟಿಸಬೇಕಿತ್ತು. ಕೊಳವೆಯ ಉದ್ದ ಸುಮಾರು 70 ಅಡಿ, ಬಾಯಿ ಎಂಟು ಅಂಗುಲ. ಯಾವ ಮನುಷ್ಯನೂ ತೂರಲಾರ. ಕುತ್ತಿಗೆಗೆ ದಾರ ಕಟ್ಟಿಸಿಕೊಂಡ ಸ್ಮೋಕಿ ಅತ್ತ ಕಡೆಯಿಂದ ವಿನ್ ಕರೆಯುವ ದನಿಗೆ ಒಳಗೆ ನುಗ್ಗಿ ಹೊರಬಂತು. ರನ್‌ವೇ ಅಗೆಯುವ ಕೆಲಸ, ಅದನ್ನು ಮಾಡುವವರು ಶತ್ರುವಿಮಾನಕ್ಕೆ ಗುರಿಯಾಗುವ ಅಪಾಯ, ಎರಡೂ ತಪ್ಪಿದವು. ಗಾಯಾಳು ಸೈನಿಕರ ಆಸ್ಪತ್ರೆಯಲ್ಲೂ ಅದು ಹಾಸಿಗೆಯಿಂದ ಹಾಸಿಗೆಗೆ ಸುತ್ತುತ್ತಿತ್ತು. ಚಿಕಿತ್ಸೆಗೆ ನೆರವಾದ ನಾಯಿಗಳ ಚರಿತ್ರೆಯನ್ನು ಬರೆಯುವವರು ಇಂದಿಗೂ ಸ್ಮೋಕಿಯಿಂದಲೇ ಆರಂಭಿಸುತ್ತಾರೆ.

ಗಾತ್ರ ಎಲ್ಲಿ ಮುಖ್ಯ, ಎಲ್ಲಿ ಅಲ್ಲ

ಸಣ್ಣ ನಾಯಿಯಿಂದ ಎಲ್ಲವೂ ಆಗುವುದಿಲ್ಲ. ಗಾಲಿಕುರ್ಚಿ ಎಳೆಯಲು, ತತ್ತರಿಸಿದವರಿಗೆ ಊರೆಯಾಗಿ ನಿಲ್ಲಲು, ಅಂಧರ ಕೈಗೆ ಎಟುಕುವ ಹಿಡಿ ಹೊತ್ತು ನಡೆಯಲು ದೊಡ್ಡ ಮೈಯೇ ಬೇಕು. ಇದನ್ನು ಮರೆತು ಸಣ್ಣ ನಾಯಿಯ ಮೇಲೆ ಭಾರ ಹಾಕಿದರೆ ಅದರ ಬೆನ್ನು ಹೋಗುತ್ತದೆ. ಡ್ಯಾಶ್‌ಹೌಂಡ್‌ನ ಉದ್ದ ಬೆನ್ನಿಗಂತೂ ಮೆಟ್ಟಿಲು ಹತ್ತಿಳಿಯುವುದೇ ಕಷ್ಟ. ಸಣ್ಣ ನಾಯಿಗಳ ಶ್ವಾಸನಾಳ ಮೆತ್ತಗೆ, ಕುತ್ತಿಗೆಪಟ್ಟಿ ಹಿಡಿದು ಎಳೆಯಬಾರದು, ಎದೆಗೆ ಕಟ್ಟುವ ಪಟ್ಟಿ ಒಳ್ಳೆಯದು.

ಕಿವಿ ಮತ್ತು ಮೂಗಿನ ಕೆಲಸಕ್ಕೆ ಬಂದರೆ ಲೆಕ್ಕ ತಿರುಗಿಬೀಳುತ್ತದೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ರಕ್ತದ ಸಕ್ಕರೆ ಥಟ್ಟನೆ ಇಳಿಯುವ ಭಯ ಸದಾ ಇರುತ್ತದೆ. ಇಳಿದಾಗ ಉಸಿರಿನಲ್ಲಿ ಐಸೊಪ್ರೀನ್ ಎಂಬ ವಸ್ತು ಹೆಚ್ಚುತ್ತದೆಂದು ಕೇಂಬ್ರಿಜ್‌ನ ವೈದ್ಯವಿಜ್ಞಾನಿಗಳು 2016ರಲ್ಲಿ ತೋರಿಸಿದರು. ನಾಯಿ ಹಿಡಿಯುವುದು ಆ ವಾಸನೆಯನ್ನೇ ಇರಬಹುದು ಎಂಬುದು ಅವರ ಊಹೆ. ಮಡಿಲಲ್ಲಿ ಕೂರುವ ನಾಯಿ ಉಸಿರಿಗೆ ಎಷ್ಟು ಹತ್ತಿರ ಇರುತ್ತದೆ ನೋಡಿ. ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ 27 ತರಬೇತಾದ ನಾಯಿಗಳನ್ನು ಪರಿಶೀಲಿಸಿದಾಗ ಅವು ಸಾಮಾನ್ಯವಾಗಿ ನೂರರಲ್ಲಿ 83 ಸಲ ಸಕ್ಕರೆ ಇಳಿದದ್ದನ್ನು ಗುರುತಿಸಿದ್ದವು. ನಾಯಿಯಿಂದ ನಾಯಿಗೆ ವ್ಯತ್ಯಾಸ ಬಹಳ ಇತ್ತು. ಹಾಗಾಗಿ ಗ್ಲೂಕೊಮೀಟರ್ ಬದಿಗಿಡುವಂತಿಲ್ಲ, ನಾಯಿ ಅದರ ಜೊತೆಗಿರಬೇಕು.

ಖರ್ಚಿನ ಮಾತು ಬಡವರ ಪಾಲಿಗೆ ಎಲ್ಲಕ್ಕಿಂತ ದೊಡ್ಡದು. ಲ್ಯಾಬ್ರಡಾರ್ ಒಂದು ಹೊತ್ತಿಗೆ ತಿನ್ನುವುದರಲ್ಲಿ ಸ್ಪಿಟ್ಜ್‌ನ ದಿನ ಕಳೆಯುತ್ತದೆ. ಸಣ್ಣ ನಾಯಿಗಳ ಆಯುಸ್ಸೂ ಹೆಚ್ಚು, ಹನ್ನೆರಡರಿಂದ ಹದಿನೈದು ವರ್ಷ ಬದುಕುತ್ತವೆ. ಎರಡು ವರ್ಷ ಶ್ರಮಪಟ್ಟು ಕಲಿಸಿದ್ದು ಅಷ್ಟು ಕಾಲ ದಕ್ಕುತ್ತದೆ. ಎಸ್ಟೇಟಿನ ಲೈನು ಮನೆಯ ಒಂದು ಕೋಣೆ, ಒಂದು ಅಡುಗೆಮನೆಯಲ್ಲಿ ದೊಡ್ಡ ನಾಯಿ ಎಲ್ಲಿ ಮಲಗಬೇಕು? ಸಣ್ಣದು ಮಂಚದ ಕೆಳಗೆ ಮಲಗುತ್ತದೆ.

ಅದು ಮನೆಯೊಳಗೇ ಮಲಗಬೇಕಾದದ್ದಕ್ಕೆ ನಮ್ಮ ಕಡೆ ಇನ್ನೊಂದು ಕಾರಣ ಚಿರತೆ. ತೋಟದ ಮನೆಗಳ ಜಗುಲಿಯಿಂದ ನಾಯಿ ಮಾಯವಾಗುವುದು ಇಲ್ಲಿ ಹೊಸ ಸುದ್ದಿಯಲ್ಲ. ಆನೆಯದು ಇನ್ನೂ ಗಂಭೀರ ವಿಷಯ. ಆಲ್ದೂರು, ಮೂಡಿಗೆರೆ ಭಾಗದ ತೋಟಗಳಿಗೆ ಕಾಡಾನೆ ನುಗ್ಗುತ್ತಲೇ ಇವೆ, ಜೀವಗಳೂ ಹೋಗಿವೆ. ಆನೆ ಬಂದಿದೆ ಎಂದು ಜೀಪಿನ ಮೈಕಿನಲ್ಲಿ ಕೂಗಿ ಎಚ್ಚರಿಸುತ್ತಾರೆ. ಕಿವಿ ಕೇಳದ ಕೂಲಿ ಹೆಂಗಸಿಗೆ ಆ ಕೂಗು ಹೇಗೆ ತಲುಪಬೇಕು? ನಾಯಿ ಇದ್ದರೆ ತಿಳಿಯುತ್ತದಲ್ಲ ಎನ್ನಬಹುದು. ಆದರೆ ಪಳಗಿಸದ ನಾಯಿ ಆನೆಗೆ ಬೊಗಳಿ, ಅದು ಅಟ್ಟಿಸಿಕೊಂಡು ಬಂದಾಗ ಸೀದಾ ಯಜಮಾನರ ಕಾಲಬುಡಕ್ಕೇ ಓಡಿಬರುತ್ತದೆ. ತೋಟದಲ್ಲಿ ದುಡಿಯುವವರೆಲ್ಲ ಈ ಅಪಾಯ ಬಲ್ಲರು. ಕಿವಿ ಕೇಳದವರಿಗಾಗಿ ತಯಾರಾದ ನಾಯಿಯಾದರೋ ಬೊಗಳದೆ ಬಂದು ಮುಟ್ಟುವುದನ್ನು ಕಲಿತಿರುತ್ತದೆ. ಕಾಡಂಚಿನ ಊರಿಗೆ ಇದಕ್ಕಿಂತ ಒಪ್ಪುವ ಕಲಿಕೆ ಇನ್ನೊಂದಿಲ್ಲ. ಹಾಗೆಂದು ಆನೆ ಇರುವ ತೋಟಕ್ಕೆ ಯಾವ ನಾಯಿಯನ್ನೂ ಕರೆದೊಯ್ಯಬಾರದು. ಅದರ ಕೆಲಸ ಮನೆ, ಅಂಗಳ, ಪೇಟೆಯಲ್ಲಿ.

ಮಲೆನಾಡಿನ ಉಪದ್ರವಗಳು ಇನ್ನೂ ಇವೆ. ಮೂಗಿನೊಳಗೆ ಹೊಕ್ಕು ಕೂರುವ ಇಂಬಳ, ಕಿವಿಯ ಸಂದಿಗೆ ಕಚ್ಚಿಕೊಳ್ಳುವ ಉಣುಗು. ಉಣುಗಿನಿಂದ ನಾಯಿಗೆ ಜ್ವರ ಬರುತ್ತದೆ. ಮಂಗನ ಕಾಯಿಲೆ ಕಾಣಿಸಿಕೊಳ್ಳುವ ತಾಲ್ಲೂಕುಗಳು ನಮ್ಮ ಜಿಲ್ಲೆಯಲ್ಲೇ ಇರುವುದರಿಂದ ಕಾಡು ಸುತ್ತಿ ಬಂದ ನಾಯಿಯ ಮೈ ತಡವಿ ನೋಡದೆ ಒಳಗೆ ಬಿಡಬಾರದು.

ಬಾಗಿಲು ತೆರೆಯುವವರು ಯಾರು

ಅಮೆರಿಕದ ಕಾನೂನು ಈ ವಿಷಯದಲ್ಲಿ ಸ್ಪಷ್ಟ. 1990ರ ಅಂಗವಿಕಲರ ಕಾಯ್ದೆಯಡಿ ಸೇವಾ ನಾಯಿಗೆ ತಳಿಯ ಮಿತಿಯೂ ಇಲ್ಲ, ಗಾತ್ರದ ಮಿತಿಯೂ ಇಲ್ಲ. ಅಂಗಡಿಯವರು ಕೇಳಬಹುದಾದದ್ದು ಎರಡೇ ಪ್ರಶ್ನೆ: ಈ ನಾಯಿ ನಿಮ್ಮ ಅಂಗವೈಕಲ್ಯಕ್ಕೆ ಬೇಕಾದದ್ದೇ, ಯಾವ ಕೆಲಸಕ್ಕೆ ಅದನ್ನು ಪಳಗಿಸಲಾಗಿದೆ. ಜಪಾನ್ 2002ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಿ, ಕಿವಿ ಕೇಳದವರ ನಾಯಿಗೂ ಅಂಧರ ನಾಯಿಗೂ ಒಂದೇ ಸ್ಥಾನ ಕೊಟ್ಟಿತು.

ಆ ದೇಶಗಳಲ್ಲೂ ಸಣ್ಣ ನಾಯಿಯ ಯಜಮಾನರು ಅನುಮಾನ ಎದುರಿಸುತ್ತಾರೆ. ಮುದ್ದಿನ ನಾಯಿಗೆ ಸೇವಾ ನಾಯಿಯ ಅಂಗಿ ತೊಡಿಸಿ ವಿಮಾನ ಹತ್ತಿದವರಿಂದ ಆದ ಹಾನಿ ಅದು. ಅಮೆರಿಕದ ಸಾರಿಗೆ ಇಲಾಖೆ 2020ರ ಡಿಸೆಂಬರ್‌ನಲ್ಲಿ ನಿಯಮ ಬದಲಿಸಿ, ಕೇವಲ ಮನಸ್ಸಿನ ಸಮಾಧಾನಕ್ಕೆ ಜೊತೆಗಿರುವ ಪ್ರಾಣಿಗಳನ್ನು ಸೇವಾ ಪ್ರಾಣಿಗಳೆಂದು ಒಪ್ಪಬೇಕಿಲ್ಲವೆಂದು ವಿಮಾನ ಕಂಪನಿಗಳಿಗೆ ಹೇಳಿತು. ನಾನು ಆ ನಿಯಮದ ಪರ. ಕೆಲಸ ಕಲಿಯದ ನಾಯಿಯನ್ನು ಸೇವಾ ನಾಯಿ ಎನ್ನುವವರು ನಿಜವಾಗಿ ಬೇಕಾದವರ ಬಾಗಿಲು ಮುಚ್ಚುತ್ತಾರೆ.

ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸುತ್ತದೆ. ಅದರಲ್ಲಿ ಸೇವಾ ನಾಯಿಯ ಪ್ರಸ್ತಾಪ ಇಲ್ಲ. ವಿಮಾನಯಾನದ ನಿಯಮಗಳಲ್ಲಿ ತರಬೇತಾದ ಸಹಾಯಕ ನಾಯಿಗೆ ಅವಕಾಶವಿದೆ. ಆದರೆ ಆಲ್ದೂರಿನಿಂದ ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆಗೆ ಹೋಗುವವರು ಹತ್ತುವುದು ಬಸ್ಸು. ಅಂಗವಿಕಲರಿಗೆ ವಾಸಸ್ಥಳದಿಂದ 100 ಕಿಲೊಮೀಟರ್ ಓಡಾಡಲು ಕೆಎಸ್‌ಆರ್‌ಟಿಸಿ ರಿಯಾಯಿತಿ ಪಾಸ್ ಕೊಡುತ್ತದೆ, ಅದೇ ಬಸ್ಸಿನಲ್ಲಿ ಅವರ ನಾಯಿ ಲಗೇಜ್ ನಿಯಮಕ್ಕೆ ಸೇರಿದ್ದು. ಬೀದಿನಾಯಿಗಳನ್ನು ಆಸ್ಪತ್ರೆ, ಶಾಲೆ, ಬಸ್ ನಿಲ್ದಾಣಗಳಿಂದ ತೆರವು ಮಾಡುವಂತೆ ಸುಪ್ರೀಂ ಕೋರ್ಟ್ 2025ರ ನವೆಂಬರ್ 7ರಂದು ಆದೇಶಿಸಿದ ಮೇಲೆ ಅಲ್ಲೆಲ್ಲ ನಾಯಿ ಕಂಡರೆ ಓಡಿಸುವ ಧಾಟಿ ಇನ್ನೂ ಬಿಗಿಯಾಗುವುದು ಸಹಜ. ಆ ಭಯಕ್ಕೆ ಕಾರಣ ಇಲ್ಲದಿಲ್ಲ. ಆದ್ದರಿಂದಲೇ ಕೆಲಸದ ನಾಯಿ ಯಾವುದು ಎಂದು ಕಾನೂನು ಬೇರ್ಪಡಿಸಿ ಹೇಳುವುದು ಈಗ ತುರ್ತು.

ಅದಕ್ಕೆ ದಾರಿಯೂ ತೆರೆದಿದೆ. ಎಲ್ಲರಿಗೂ ಎಟುಕುವ ಸೌಲಭ್ಯಗಳ ಬಗ್ಗೆ ಕಡ್ಡಾಯ ಮಾನದಂಡ ರೂಪಿಸಬೇಕೆಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಕೇಂದ್ರಕ್ಕೆ ಹೇಳಿತು. ಆ ಮಾನದಂಡಗಳಲ್ಲಿ ಸೇವಾ ನಾಯಿಗೆ, ಗಾತ್ರ ಮತ್ತು ತಳಿಯ ಭೇದವಿಲ್ಲದೆ, ಜಾಗ ಇರಬೇಕು.

ತರಬೇತಿಗೆ ಬೇಕಾದ ಬುದ್ಧಿ, ಅನುಭವ ಎರಡೂ ಕರ್ನಾಟಕದಲ್ಲಿ ಚದುರಿಕೊಂಡಿವೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ಯಾರಿಗೆ ಎಂಥ ಸದ್ದು ಕೇಳುವುದಿಲ್ಲ, ಯಾರಿಗೆ ನಾಯಿಯಿಂದ ಉಪಯೋಗ ಎಂದು ಹೇಳಬಲ್ಲವರು ಅಲ್ಲಿದ್ದಾರೆ. ಹಾಸನ, ಶಿವಮೊಗ್ಗಗಳಲ್ಲಿ ಪಶುವೈದ್ಯ ಕಾಲೇಜುಗಳಿವೆ. ಬೆಂಗಳೂರಿನ ಹೊರವಲಯದ ತರಳುವಿನಲ್ಲಿ ಸಿಆರ್‌ಪಿಎಫ್‌ನ ಶ್ವಾನ ತರಬೇತಿ ಶಾಲೆ, ಆಡುಗೋಡಿಯಲ್ಲಿ ಪೊಲೀಸ್ ಶ್ವಾನದಳ ಇವೆ. ಬಾಂಬಿನ ವಾಸನೆ ಕಲಿಸಬಲ್ಲವರಿಗೆ ಕರೆಗಂಟೆಯ ಸದ್ದು ಕಲಿಸುವುದು ಕಷ್ಟವಲ್ಲ. ಮುಧೋಳ ನಾಯಿಗಾಗಿ ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರ ಕಟ್ಟಿದ ರಾಜ್ಯ ನಮ್ಮದು, ಅಂಗವಿಕಲರ ನಾಯಿಗಾಗಿ ಒಂದು ಸಣ್ಣ ಘಟಕ ತೆರೆಯುವುದು ಅದಕ್ಕೆ ಮೀರಿದ ಕೆಲಸವಲ್ಲ.

ಅಲ್ಲಿಯವರೆಗೆ ನಮ್ಮ ಕೈಯಲ್ಲೂ ಕೆಲಸವಿದೆ. ಮನೆಯಲ್ಲಿ ಕಿವಿ ಕೇಳದವರಿದ್ದು ಒಂದು ಚುರುಕು ನಾಯಿಯೂ ಇದ್ದರೆ ಈ ವಾರವೇ ಒಂದು ಸದ್ದಿನಿಂದ ಶುರು ಮಾಡಿ, ಬಾಗಿಲ ಬಡಿತವೇ ಇರಲಿ. ರೇಬಿಸ್ ಲಸಿಕೆ ಹಾಕಿಸಿ, ಪ್ರತಿ ವರ್ಷವೂ ಹಾಕಿಸಿ, ಚೀಟಿ ಜೋಪಾನವಾಗಿಡಿ. ಗ್ರಾಮ ಪಂಚಾಯಿತಿಗಳಲ್ಲಿ ಅಂಗವಿಕಲರಿಗಾಗಿ ದುಡಿಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಅಂಗವಿಕಲರಿಗೆಂದು ಮೀಸಲಿಟ್ಟ ಶೇ 5ರ ಅನುದಾನವೂ ಇದೆ. ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯ ಎತ್ತಿ. ಬಸ್ಸಿನ ಕಂಡಕ್ಟರ್, ಹೋಟೆಲ್ ಮಾಲೀಕರು, ಆಸ್ಪತ್ರೆಯ ಕಾವಲಿನವರಲ್ಲಿ ಒಂದು ಕೋರಿಕೆ: ಯಾರಾದರೂ ಮಡಿಲಲ್ಲಿ ಸಣ್ಣ ನಾಯಿ ಹಿಡಿದು ಬಂದರೆ, ಹೊರಗೆ ಕಟ್ಟಿ ಬನ್ನಿ ಎನ್ನುವ ಮೊದಲು ಅದು ಏನು ಕೆಲಸ ಮಾಡುತ್ತದೆಂದು ಕೇಳಿ. ಕೇಳುವಾಗ ಅವರ ಮುಖಕ್ಕೆ ಎದುರಾಗಿ ನಿಂತು, ತುಟಿ ಕಾಣುವಂತೆ ನಿಧಾನವಾಗಿ ಕೇಳಿ.